ಎಲ್ಲಕ್ಕೂ ‘ನೈಸ್’ ಅಂದರೆ ಹೇಗೆ?

ಊಟ ನೈಸ್, ಸೀರೆ ನೈಸ್, ಸಿನಿಮಾ ನೈಸ್, ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ನೈಸ್, ಮಡಿಕೇರಿಯ ಮಳೆ ನೈಸ್, ಮೇಷ್ಟ್ರ ಭಾಷಣವೂ ನೈಸ್. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನೀವು ಬಾಯಲ್ಲಿ ಆಡುವ, ಮೊಬೈಲಿನಲ್ಲಿ ಒತ್ತಿ ಕಳಿಸುವ ಮೆಚ್ಚುಗೆಯೆಲ್ಲ ಈ ಒಂದೇ ಪದದ ಹೆಗಲ ಮೇಲೆ ಬಿದ್ದಿದೆ. ಕೇಳುವವರಿಗಂತೂ ನೀವು ನಿಜವಾಗಿ ಮೆಚ್ಚಿದಿರೋ, ಏನಾದರೂ ಅನ್ನಬೇಕಲ್ಲ ಎಂದು ಅಂದಿರೋ ತಿಳಿಯುವುದೇ ಇಲ್ಲ. ಹುಳಿಗೂ ಪಾಯಸಕ್ಕೂ ಒಂದೇ ಸೌಟು ಅದ್ದುವವರನ್ನು ಅಡುಗೆಮನೆಯಲ್ಲಿ ನಾನು ಸುಮ್ಮನೆ ಬಿಟ್ಟವಳಲ್ಲ, ಮಾತಿನಲ್ಲೂ ಬಿಡುವುದಿಲ್ಲ. ಸ್ವಲ್ಪ ಹೊತ್ತು ಕೂತುಕೊಳ್ಳಿ, ಈ ಪದದ ಹಿಂದುಮುಂದು ನೋಡಿಬಿಡೋಣ.

ಮೊದಲೇ ಹೇಳಿಬಿಡುತ್ತೇನೆ, ‘ನೈಸ್’ ಕೆಟ್ಟ ಪದವಲ್ಲ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರೂ ದಿನವಿಡೀ ಬಳಸುತ್ತಾರೆ. ಹೊಸಬರ ಪರಿಚಯವಾದಾಗ ‘ನೈಸ್ ಟು ಮೀಟ್ ಯು’ ಎನ್ನಲೇಬೇಕು, ಅಲ್ಲಿ ಬೇರೆ ಪದ ಹುಡುಕುವುದು ಬೇಡ. ಆದರೆ ಒಂದು ಎಚ್ಚರಿಕೆ. ಈ ಮಾತು ಮೊದಲ ಭೇಟಿಗೆ ಮಾತ್ರ. ಎರಡನೇ ಸಲ, ಹತ್ತನೇ ಸಲ ಸಿಕ್ಕವರಿಗೆ ‘ನೈಸ್ ಟು ಸೀ ಯು’ ಅನ್ನಿ. ಹೋದ ತಿಂಗಳ ಮದುವೆಯಲ್ಲಿ ಒಟ್ಟಿಗೆ ಕೂತು ಉಂಡವರಿಗೆ ‘ನೈಸ್ ಟು ಮೀಟ್ ಯು’ ಎಂದರೆ, ‘ನನ್ನ ಗುರುತೇ ಇವರಿಗಿಲ್ಲವಲ್ಲ’ ಎಂದು ಅವರು ನೊಂದುಕೊಂಡಾರು. ಮೊದಲ ಪರಿಚಯ ಮುಗಿಸಿ ಹೊರಡುವಾಗ ‘ನೈಸ್ ಮೀಟಿಂಗ್ ಯು’ ಅನ್ನುವುದು ರೂಢಿ. ಬರುವಾಗಿನದು ಒಂದು, ಹೊರಡುವಾಗಿನದು ಇನ್ನೊಂದು. ಇಷ್ಟು ನೆನಪಿಟ್ಟರೆ ಸಾಕು.

ಹಾಗಾದರೆ ತಪ್ಪುವುದು ಎಲ್ಲಿ? ನಮ್ಮ ‘ಚೆನ್ನಾಗಿ’ಯಲ್ಲಿ. ಕನ್ನಡದಲ್ಲಿ ‘ಚೆನ್ನಾಗಿದೆ’ ಎಂಬ ಮಾತಿಗೆ ಹೋಗದ ಮನೆಯಿಲ್ಲ. ಸಾರು ಚೆನ್ನಾಗಿದೆ, ಹುಡುಗಿ ಚೆನ್ನಾಗಿದ್ದಾಳೆ, ಚೆನ್ನಾಗಿ ಹಾಡುತ್ತಾನೆ, ಚೆನ್ನಾಗಿ ಬೈದರು, ನಾನು ಚೆನ್ನಾಗಿದ್ದೇನೆ. ಇಷ್ಟಕ್ಕೂ ಒಂದೇ ಪದ ನಮಗೆ ಸಲ್ಲುತ್ತದೆ, ಕೇಳುವವರಿಗೂ ಗೊಂದಲವಿಲ್ಲ. ಇಂಗ್ಲಿಷಿಗೆ ಹೋಗುವಾಗ ಈ ‘ಚೆನ್ನಾಗಿ’ಯ ಜಾಗದಲ್ಲಿ ‘ನೈಸ್’ ಕೂರಿಸಿಬಿಡುತ್ತೀರಿ. ಅಲ್ಲಿಗೆ ಕೆಟ್ಟಿತು.

‘ಹೇಗಿದ್ದೀರಿ?’ ಎಂದು ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ‘ಐ ಆಮ್ ನೈಸ್’ ಅನ್ನಬೇಡಿ. ಅದು ‘ನಾನು ಬಹಳ ಒಳ್ಳೆಯವಳು’ ಎಂದು ನಿಮಗೆ ನೀವೇ ಬೆನ್ನು ತಟ್ಟಿಕೊಂಡಂತಾಗುತ್ತದೆ. ‘ಐ ಆಮ್ ಫೈನ್’, ‘ಐ ಆಮ್ ವೆಲ್’ ಸರಿಯಾದ ಉತ್ತರ. ಮಗಳು ಚೆನ್ನಾಗಿ ಹಾಡುತ್ತಾಳೆ ಅನ್ನಲು ‘ಶಿ ಸಿಂಗ್ಸ್ ನೈಸ್’ ಎನ್ನಬಾರದು, ‘ಶಿ ಸಿಂಗ್ಸ್ ವೆಲ್’ ಅನ್ನಿ. ‘ನೈಸ್ಲಿ’ ಎಂದರೂ ವ್ಯಾಕರಣಕ್ಕೆ ಧಕ್ಕೆಯಿಲ್ಲ. ಆದರೆ ಮಕ್ಕಳಿಗೆ ‘ಪ್ಲೇ ನೈಸ್ಲಿ’ ಎಂದರೆ ಜಾಣತನದಿಂದ ಆಡಿ ಎಂದಲ್ಲ, ಜಗಳವಾಡದೆ ಆಡಿ ಎಂದು. ಕ್ರಿಕೆಟ್ ತರಬೇತಿಗೆ ಮಗನನ್ನು ಕಳಿಸುವಾಗ ಯಾವುದನ್ನು ಹೇಳಬೇಕೆಂದು ನೀವೇ ನೋಡಿಕೊಳ್ಳಿ.

ಮುಂದೆ ಬರುವ ಪುಟ್ಟ ಪದಗಳ ಕಡೆಗೂ ಗಮನವಿರಲಿ. ‘ಅತ್ತೆ ನನ್ನ ಜೊತೆ ಚೆನ್ನಾಗಿದ್ದಾರೆ’ ಎಂಬುದನ್ನು ಹಾಗೆಯೇ ಎತ್ತಿಟ್ಟು ‘ನೈಸ್ ವಿತ್ ಮಿ’ ಎನ್ನುವವರು ಬಹಳ ಮಂದಿ. ಇಂಗ್ಲಿಷಿನ ರೂಢಿ ‘ನೈಸ್ ಟು ಮಿ’. ಒಬ್ಬರು ಮಾಡಿದ ಉಪಕಾರವನ್ನು ನೆನೆಯುವಾಗ ‘ನೈಸ್ ಆಫ್ ಯು’ ಎನ್ನಬೇಕು. ‘ಇಟ್ ವಾಸ್ ನೈಸ್ ಆಫ್ ಯು ಟು ಕಮ್’ ಎಂದರೆ ಬಂದದ್ದು ನಿಮ್ಮ ದೊಡ್ಡತನ ಎಂದ ಹಾಗೆ. ನೀವು ಮಾಡಿದ ತಪ್ಪಿಗೆ ಎದುರಿನವರು ಸಿಟ್ಟಾಗದೆ ಸಮಾಧಾನದಿಂದ ನಡೆದುಕೊಂಡರೆ ‘ಹಿ ವಾಸ್ ವೆರಿ ನೈಸ್ ಅಬೌಟ್ ಇಟ್’. ‘ಟು’, ‘ಆಫ್’, ‘ಅಬೌಟ್’ ಮೂರಕ್ಕೂ ಮೂರು ಕೆಲಸ. ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಿದರೆ ಇದು ಹತ್ತುವುದಿಲ್ಲ, ಅದರ ಜೊತೆಗಾರರ ಸಮೇತ ಕಲಿಯಬೇಕು.

ಈ ಪದದ ಪೂರ್ವಾಶ್ರಮ ಕೇಳಿದರೆ ನಿಮಗೆ ನಗು ಬರುತ್ತದೆ. ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ತಿಳಿಯುವುದು. ಅಂದರೆ ಏನೂ ತಿಳಿಯದವನು. ಹಳೆಯ ಫ್ರೆಂಚಿನ ಮೂಲಕ 1300ರ ಆಸುಪಾಸಿನಲ್ಲಿ ಇದು ಇಂಗ್ಲಿಷಿಗೆ ಬಂದಾಗ ‘ನೈಸ್’ ಎಂದರೆ ಪೆದ್ದ ಎಂದೇ ಅರ್ಥ. ಆಮೇಲೆ ಅಂಜುಬುರುಕ, ಆಮೇಲೆ ಸಣ್ಣದಕ್ಕೂ ಮೂಗು ಮುರಿಯುವವನು, ಆಮೇಲೆ ನಾಜೂಕಿನವನು, ಅಲ್ಲಿಂದ ಮುಂದೆ ಸೂಕ್ಷ್ಮ, ಕರಾರುವಾಕ್ಕು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ದೊಡ್ಡ ನಿಘಂಟನ್ನು ಹೊರತಂದಾಗ ಕೂದಲು ಸೀಳುವಷ್ಟು ಖಚಿತವಾದದ್ದು ಎಂಬ ಅರ್ಥಕ್ಕೇ ಮೊದಲ ಮಣೆ. ನೀವು ಇವತ್ತು ಬಳಸುವ ‘ಹಿತವಾದ, ಮನಸ್ಸಿಗೆ ಒಪ್ಪುವ’ ಎಂಬ ಅರ್ಥ ಬಲಿತದ್ದು 18ನೇ ಶತಮಾನದ ಕೊನೆಯ ದಶಕಗಳಲ್ಲಿ. ದಯೆಯುಳ್ಳವನು ಎಂಬ ಅರ್ಥ ಇನ್ನೂ ಈಚಿನದು.

ಈ ಹೊಸ ಅರ್ಥ ಬಲಿತದ್ದೇ ತಡ, ಅಲ್ಲಿನ ಜನವೂ ಅದನ್ನು ಕಂಡಕಂಡಲ್ಲಿ ಬಳಸತೊಡಗಿದರು. ಜೇನ್ ಆಸ್ಟೆನ್ ಅವರ ‘ನಾರ್ತ್ಯಾಂಗರ್ ಆ್ಯಬಿ’ ಕಾದಂಬರಿ ಅವರು ತೀರಿಕೊಂಡ ಮೇಲೆ 1817ರ ಕೊನೆಯಲ್ಲಿ ಹೊರಬಂತು. ಅದರಲ್ಲಿ ನಾಯಕಿ ಕ್ಯಾಥರೀನ್ ಒಂದು ಪುಸ್ತಕವನ್ನು ‘ನೈಸ್’ ಅಂದದ್ದಕ್ಕೆ ನಾಯಕ ಹೆನ್ರಿ ಟಿಲ್ನಿ ಅವಳನ್ನು ಚೆನ್ನಾಗಿ ಕಾಡಿಸುತ್ತಾನೆ. ದಿನವೂ ನೈಸ್, ತಿರುಗಾಟವೂ ನೈಸ್, ಹೆಣ್ಣುಮಕ್ಕಳೂ ನೈಸ್ ಎಂದು ಅವನು ಅಣಕಿಸಿದ್ದು ಇನ್ನೂರು ವರ್ಷದ ಹಿಂದೆ. ಇಂಗ್ಲೆಂಡಿನ ಹುಡುಗಿಗೇ ಆಗ ಬೈಸಿಕೊಳ್ಳುವುದು ತಪ್ಪಿರಲಿಲ್ಲ, ಆದ್ದರಿಂದ ನಾನು ಬೈದೆನೆಂದು ನೀವು ಮುಖ ಸಣ್ಣ ಮಾಡಿಕೊಳ್ಳಬೇಡಿ.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ, ಅದೂ ತಿಳಿದಿರಲಿ. ಕೋರ್ಟಿನ ತೀರ್ಪಿನಲ್ಲೋ ಪಂಡಿತರ ಲೇಖನದಲ್ಲೋ ‘ಎ ನೈಸ್ ಡಿಸ್ಟಿಂಕ್ಷನ್’ ಎಂದು ಕಂಡರೆ ಅದು ಸೊಗಸಾದ ವ್ಯತ್ಯಾಸವಲ್ಲ, ಬಹಳ ಸೂಕ್ಷ್ಮವಾದ ವ್ಯತ್ಯಾಸ. ‘ನೈಸೆಟೀಸ್’ ಎಂದರೆ ಒಂದು ವಿಷಯದ ಸಣ್ಣ ಸಣ್ಣ ನಯಗಾರಿಕೆಗಳು. ಓದುವಾಗ ಇಲ್ಲಿ ಎಡವಿ ಬೀಳುವ ಕಾಲೇಜು ಮಕ್ಕಳು ಬಹಳ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಈ ಪದಕ್ಕೂ ಸಲ್ಲುತ್ತದೆ. ಯಾರೋ ನಿಮಗೆ ‘ನೈಸ್ ಟ್ರೈ’ ಎಂದರೆ ಹಿಗ್ಗಬೇಡಿ. ಪ್ರಯತ್ನ ಪಟ್ಟಿರಿ, ಆದರೆ ಆಗಲಿಲ್ಲ ಎಂದು ಅದರ ಅರ್ಥ. ಕೆಲವೊಮ್ಮೆ ನಿಮ್ಮ ಆಟ ನಮ್ಮ ಹತ್ತಿರ ನಡೆಯುವುದಿಲ್ಲ ಎಂದೂ ಆಗುತ್ತದೆ. ‘ಎ ನೈಸ್ ಮೆಸ್’ ಎಂದರೆ ಒಳ್ಳೇ ಫಜೀತಿ. ನಾವೂ ಹಾಗೆಯೇ ‘ಒಳ್ಳೇ ಕಥೆಯಾಯ್ತಲ್ಲ’ ಎನ್ನುವುದಿಲ್ಲವೇ? ‘ನೈಸ್ ಆ್ಯಂಡ್ ಹಾಟ್’ ಎಂದರೆ ಸೊಗಸಾಗಿದೆ ಮತ್ತು ಬಿಸಿಯಾಗಿದೆ ಎಂದು ಎರಡಾಗಿ ಒಡೆಯಬೇಡಿ, ಬೇಕಾದ ಹದಕ್ಕೆ ಬಿಸಿಯಾಗಿದೆ ಎಂದಷ್ಟೇ. ‘ದಟ್ಸ್ ನಾಟ್ ನೈಸ್’ ಎಂದು ಮಗುವಿಗೆ ಹೇಳಿದರೆ ಅದು ಗದರಿಕೆ: ಹಾಗೆ ಮಾಡಬಾರದು ಪುಟ್ಟಾ ಎಂದು.

ಇನ್ನು ನಾವೇ ಕನ್ನಡದಲ್ಲಿ ಬೆಳೆಸಿಕೊಂಡ ‘ನೈಸ್’ ಒಂದಿದೆ. ಹಿಟ್ಟನ್ನು ನೈಸಾಗಿ ರುಬ್ಬುತ್ತೇವೆ, ನೆಲ ನೈಸಾಗಿದೆ ಎನ್ನುತ್ತೇವೆ, ಕೆಲಸ ಬಿದ್ದಾಗ ನೈಸಾಗಿ ಜಾರಿಕೊಳ್ಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ‘ನನ್ನ ಹತ್ತಿರ ನೈಸ್ ಮಾಡಬೇಡ’ ಎಂದು ಮಕ್ಕಳನ್ನು ಗದರುತ್ತೇವೆ. ನುಣುಪು, ನಯ, ಸದ್ದಿಲ್ಲದಿರುವುದು, ಪೂಸಿ ಹೊಡೆಯುವುದು, ಇವೆಲ್ಲ ಈ ಮಣ್ಣಿನಲ್ಲಿ ಹುಟ್ಟಿದ ಅರ್ಥಗಳು. ಕನ್ನಡದಲ್ಲಿ ಧಾರಾಳವಾಗಿ ಬಳಸಿ, ನನ್ನ ತಕರಾರಿಲ್ಲ. ಆದರೆ ಇದೇ ಅರ್ಥವನ್ನು ಹೊತ್ತುಕೊಂಡು ಇಂಗ್ಲಿಷಿಗೆ ಹೋಗಬೇಡಿ. ನುಣ್ಣಗಿನ ಹಿಟ್ಟಿಗೆ ಅಲ್ಲಿ ‘ಸ್ಮೂತ್’ ಅನ್ನುತ್ತಾರೆ, ಜಾರುವ ನೆಲಕ್ಕೆ ‘ಸ್ಲಿಪರಿ’. ಒರೆಸಿದ ನೆಲದ ಮೇಲೆ ಬರುವ ವಿದೇಶಿ ಅತಿಥಿಗೆ ‘ಫ್ಲೋರ್ ಈಸ್ ನೈಸ್’ ಎಂದು ಕೂಗಿದರೆ, ಅವರು ‘ಥ್ಯಾಂಕ್ ಯು’ ಎನ್ನುತ್ತಲೇ ಜಾರಿ ಬೀಳುತ್ತಾರೆ. ಬೆಂಗಳೂರಿನ ನೈಸ್ ರಸ್ತೆಗೂ ಈ ಪದಕ್ಕೂ ಸಂಬಂಧವಿಲ್ಲ, ಅದು ಒಂದು ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದು. ಇದೇ ಅಕ್ಷರಗಳಲ್ಲಿ ಬರೆಯುವ ಫ್ರಾನ್ಸಿನ ಊರನ್ನು ‘ನೀಸ್’ ಎಂದು ಓದಬೇಕು.

ಈಗ ಮುಖ್ಯ ಮಾತಿಗೆ ಬರೋಣ. ‘ನೈಸ್’ ಬದಲು ಏನು ಹೇಳಬೇಕು? ಪರ್ಯಾಯ ಪದಗಳ ಪಟ್ಟಿ ಇಟ್ಟುಕೊಂಡು ಒಂದನ್ನು ತೆಗೆದು ಇನ್ನೊಂದನ್ನು ಹಾಕುತ್ತೀರಲ್ಲ, ಆ ಅಭ್ಯಾಸ ಬಿಡಿ. ಮೊದಲು ನಿಮ್ಮನ್ನು ನೀವೇ ಕನ್ನಡದಲ್ಲಿ ಕೇಳಿಕೊಳ್ಳಿ: ಚೆನ್ನಾಗಿದೆ, ಸರಿ, ಏನು ಚೆನ್ನಾಗಿದೆ, ಹೇಗೆ ಚೆನ್ನಾಗಿದೆ? ರುಚಿಯೋ, ಅಂದವೋ, ಹಿತವೋ, ಅಚ್ಚುಕಟ್ಟೋ, ಒಳ್ಳೆಯ ಗುಣವೋ? ಇದಕ್ಕೆ ಉತ್ತರ ಸಿಕ್ಕಿತೆಂದರೆ ಇಂಗ್ಲಿಷ್ ಪದ ತಾನಾಗಿ ಹತ್ತಿರ ಬರುತ್ತದೆ.

ಮನುಷ್ಯರ ಗುಣ ಹೇಳುವಾಗ ನೋಡಿ. ಕಷ್ಟದಲ್ಲಿರುವವರಿಗೆ ಮರುಗಿ ನೆರವಾಗುವವರು ‘ಕೈಂಡ್’. ಹೊಸಬರೊಡನೆಯೂ ನಗುನಗುತ್ತಾ ಬೆರೆಯುವವರು ‘ಫ್ರೆಂಡ್ಲಿ’. ಮರ್ಯಾದೆಯಿಂದ ಮಾತನಾಡುವವರು ‘ಪೊಲೈಟ್’. ನಿಮಗೆ ಕೆಮ್ಮೆಂದು ನೀವು ಕೇಳುವ ಮೊದಲೇ ಬಿಸಿನೀರು ತಂದಿಡುವವರು ‘ಥಾಟ್‌ಫುಲ್’. ಕೊಡುಗೈಯವರು ‘ಜೆನರಸ್’. ಇವು ಒಂದೇ ಅಲ್ಲ. ಕೌಂಟರಿನಲ್ಲಿ ಕೂತ ಗುಮಾಸ್ತರು ಅತ್ಯಂತ ‘ಪೊಲೈಟ್’ ಆಗಿ ನಾಳೆ ಬನ್ನಿ ಎನ್ನಬಹುದು, ಅದರಲ್ಲಿ ‘ಕೈಂಡ್’ ಏನೂ ಇಲ್ಲ. ಬಾಯಿ ಒರಟಾದ ಅಜ್ಜಿ ಊರಿಗೆಲ್ಲ ಅನ್ನ ಹಾಕಿದವಳಾಗಿರಬಹುದು; ಅವಳು ‘ಪೊಲೈಟ್’ ಅಲ್ಲದಿದ್ದರೂ ‘ಕೈಂಡ್’ ಹೌದು, ‘ಜೆನರಸ್’ ಹೌದು.

ಊಟದ ವಿಷಯಕ್ಕೆ ಬಂದರೆ ‘ಟೇಸ್ಟಿ’ ದಿನಬಳಕೆಗೆ, ‘ಡಿಲಿಷಸ್’ ಅದಕ್ಕಿಂತ ದೊಡ್ಡ ಮೆಚ್ಚುಗೆಗೆ. ‘ವೆರಿ ಟೇಸ್ಟಿ’ ಎನ್ನಬಹುದು. ‘ವೆರಿ ಡಿಲಿಷಸ್’ ಎನ್ನುವುದು ಬೇಡ, ಏಕೆಂದರೆ ‘ಬಹಳ’ ಎಂಬುದು ಆ ಪದದ ಹೊಟ್ಟೆಯೊಳಗೇ ಇದೆ. ‘ವೆರಿ ಎಕ್ಸಲೆಂಟ್’, ‘ವೆರಿ ಪರ್ಫೆಕ್ಟ್’ ಎಂಬವಕ್ಕೂ ಇದೇ ಮಾತು. ಅತಿಯಾದರೆ ಅಮೃತವೂ ವಿಷ. ಅದಕ್ಕಿಂತ ದೋಸೆ ಗರಿಗರಿಯಾಗಿದ್ದರೆ ‘ಕ್ರಿಸ್ಪ್’, ಇಡ್ಲಿ ಮೆತ್ತಗಿದ್ದರೆ ‘ಸಾಫ್ಟ್’, ತರಕಾರಿ ಆಗ ತಾನೆ ಕಿತ್ತು ತಂದಿದ್ದರೆ ‘ಫ್ರೆಶ್’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅಡುಗೆ ಮಾಡಿದವರಿಗೆ ಹಿಗ್ಗಾಗುವುದು ಆಗಲೇ.

ಹವೆ ಹಿತವಾಗಿದ್ದರೆ ‘ಪ್ಲೆಸೆಂಟ್’. ಊರು ಗಲಾಟೆಯಿಲ್ಲದೆ ನೆಮ್ಮದಿಯಾಗಿದ್ದರೆ ‘ಪೀಸ್‌ಫುಲ್’. ಮನೆ ಚಿಕ್ಕದಾಗಿ ಬೆಚ್ಚಗಿದ್ದರೆ ‘ಕೋಸಿ’. ನಾಲ್ಕು ಮಹಡಿಯ ಬಂಗಲೆಗೆ ಈ ಪದ ಹೊಂದುವುದಿಲ್ಲ, ಅಲ್ಲಿ ‘ಸ್ಪೇಷಸ್’ ಅನ್ನಿ. ಚಿಕ್ಕ ಹುಡುಗಿಯ ಫ್ರಾಕು ‘ಪ್ರೆಟಿ’, ಮೈಸೂರು ರೇಷ್ಮೆ ಸೀರೆ ಉಟ್ಟು ಗಂಭೀರವಾಗಿ ನಡೆದು ಬರುವವರ ನಿಲುವು ‘ಎಲಿಗೆಂಟ್’. ‘ಹ್ಯಾಂಡ್‌ಸಮ್’ ಸಾಮಾನ್ಯವಾಗಿ ಗಂಡಸರಿಗೆ. ಮಕ್ಕಳ ನೋಟ್‌ಬುಕ್ಕಿಗೆ ‘ನೈಸ್’ ಎಂದು ಗೀಚಿ ಮುಂದಿನ ಪುಸ್ತಕ ಎಳೆದುಕೊಳ್ಳುವ ಮೇಷ್ಟ್ರೇ, ಮೇಡಮ್ಮೇ, ನಿಮಗೂ ಒಂದು ಮಾತು. ಅಕ್ಷರ ಅಂದವಾಗಿದ್ದರೆ ‘ನೀಟ್’, ಉತ್ತರ ಸ್ಪಷ್ಟವಾಗಿದ್ದರೆ ‘ಕ್ಲಿಯರ್’, ಏನೂ ಬಿಡದೆ ಪೂರ್ತಿ ಮಾಡಿದ್ದರೆ ‘ಥರೋ’ ಎಂದು ಬರೆಯಿರಿ. ತನ್ನಲ್ಲಿ ಯಾವುದು ಸರಿಯಿದೆ ಎಂದು ಮಗುವಿಗೆ ಗೊತ್ತಾಗುತ್ತದೆ.

ಇನ್ನು ಕೆಲವು ಪದಗಳಲ್ಲಿ ಕಣ್ಣಿಗೆ ಕಾಣದ ಮುಳ್ಳಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಅದಕ್ಕೇ ಇಲ್ಲಿ ನಿಧಾನಿಸಿ. ನಮ್ಮಲ್ಲಿ ‘ಡೀಸೆಂಟ್ ಹುಡುಗ’ ಎಂದರೆ ಸಭ್ಯ, ಒಳ್ಳೆಯ ಮನೆತನದವನು. ಇಂಗ್ಲಿಷಿನಲ್ಲಿಯೂ ಮನುಷ್ಯರಿಗೆ ಸಭ್ಯನೆಂಬ ಅರ್ಥವಿದೆ. ಆದರೆ ಊಟಕ್ಕೆ ‘ಡೀಸೆಂಟ್’ ಎಂದರೆ ಪರವಾಗಿಲ್ಲ, ತಿನ್ನಬಹುದು ಎಂದಷ್ಟೇ. ಮೂರು ಗಂಟೆ ಒಲೆ ಮುಂದೆ ನಿಂತು ಬಡಿಸಿದವರಿಗೆ ಹಾಗೆ ಹೇಳಿ ಬರಬೇಡಿ. ‘ಹೋಮ್ಲಿ’ ಎಂದು ವಧುವಿನ ಜಾಹೀರಾತಿನಲ್ಲಿ ಹಾಕಿಸುತ್ತೀರಿ, ಮನೆಯೊಪ್ಪುವವಳು ಎಂಬರ್ಥದಲ್ಲಿ. ಬ್ರಿಟನ್ನಿನಲ್ಲಿ ಅದು ಮನೆಯಂತೆ ಹಿತವಾದದ್ದು, ಸರಳವಾದದ್ದು ಎಂದಾದರೆ, ಅಮೆರಿಕದಲ್ಲಿ ನೋಡಲು ಲಕ್ಷಣವಿಲ್ಲದವಳು ಎಂದೇ ಆಗುತ್ತದೆ. ಅಮೆರಿಕದ ವರನ ಮನೆಗೆ ಕಳಿಸುವ ಪರಿಚಯಪತ್ರದಿಂದ ಈ ಪದವನ್ನು ಇವತ್ತೇ ತೆಗೆದುಹಾಕಿ. ಸರಳ ಜೀವಿ ಎನ್ನಲು ಹೋಗಿ ಒಬ್ಬ ಮನುಷ್ಯನನ್ನು ‘ಸಿಂಪಲ್’ ಎಂದರೆ ಬುದ್ಧಿ ಸಾಲದವನು ಎಂದು ಕೇಳಿಸಬಹುದು. ‘ಮಾಡೆಸ್ಟ್’, ‘ಅನ್‌ಅಸ್ಯೂಮಿಂಗ್’ ಅದಕ್ಕೆ ಒಪ್ಪುತ್ತವೆ. ‘ಕ್ವೈಟ್ ನೈಸ್’ ಅಮೆರಿಕದವರ ಕಿವಿಗೆ ಬಹಳ ಚೆನ್ನಾಗಿದೆ ಎಂದು, ಬ್ರಿಟಿಷರ ಕಿವಿಗೆ ತಕ್ಕಮಟ್ಟಿಗಿದೆ ಎಂದು. ‘ಸ್ಮಾರ್ಟ್’ ಎಂದರೆ ಅಮೆರಿಕದಲ್ಲಿ ಬುದ್ಧಿವಂತ. ಬ್ರಿಟನ್ನಿನಲ್ಲಿ ಬಹುಪಾಲು ಒಪ್ಪವಾಗಿ ಉಡುಪು ತೊಟ್ಟವನು. ಎದುರಿಗೆ ಯಾರಿದ್ದಾರೆ ಎಂದು ನೋಡಿಕೊಂಡು ಬಾಯಿ ತೆರೆಯಿರಿ.

ಇದನ್ನೆಲ್ಲ ಎಲ್ಲಿ ನೋಡಿ ಕಲಿಯುವುದು ಎಂದು ಕೇಳುತ್ತೀರಿ. ಇಂಗ್ಲಿಷಿನ ಹೆಸರಾಂತ ಪರ್ಯಾಯ ಪದಕೋಶ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರದು, 1852ರಲ್ಲಿ ಹೊರಬಂತು. ಅವರು ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಅರ್ಥದ ಗುಂಪುಗಳಾಗಿ ಜೋಡಿಸಿದರು. ನಮಗೆ ಇದು ಹೊಸದಲ್ಲ. ನಮ್ಮ ಹಿರಿಯರು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡುತ್ತಿದ್ದ ಅಮರಕೋಶದ್ದೂ ಇದೇ ರೀತಿ. 1808ರಲ್ಲಿ ಸೆರಾಂಪುರದಲ್ಲಿ ಕೋಲ್‌ಬ್ರೂಕ್ ಎಂಬವರು ಅದನ್ನು ಇಂಗ್ಲಿಷ್ ಅರ್ಥದೊಡನೆ ಅಚ್ಚು ಹಾಕಿಸಿದ್ದರು, ರೋಜೆ ತಮ್ಮ ಪೀಠಿಕೆಯಲ್ಲಿ ಅದನ್ನು ಹೆಸರಿಸಿಯೂ ಇದ್ದಾರೆ. ಆದರೆ ಇಂಥ ಕೋಶದಲ್ಲಿ ಪದಗಳ ಸಾಲು ಸಿಗುತ್ತದೆಯೇ ಹೊರತು ಅವುಗಳ ನಡುವಿನ ವ್ಯತ್ಯಾಸ ಸಿಗುವುದಿಲ್ಲ. ಗೊತ್ತಿದ್ದು ಮರೆತ ಪದವನ್ನು ನೆನಪಿಸಿಕೊಳ್ಳಲು ಅದು ಒಳ್ಳೆಯದು, ಗೊತ್ತಿಲ್ಲದ ಪದವನ್ನು ಎತ್ತಿ ಬಳಸಲು ಅಲ್ಲ.

ಕಲಿಯುವವರಿಗೆ ಬೇಕಾದದ್ದು ಕಲಿಯುವವರಿಗಾಗಿಯೇ ಮಾಡಿದ ನಿಘಂಟು. ಎ. ಎಸ್. ಹಾರ್ನ್‌ಬಿ ಎಂಬವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಾ ಇಂಥದೊಂದನ್ನು ಸಿದ್ಧಪಡಿಸಿದರು. 1942ರಲ್ಲಿ ಅಲ್ಲಿ ಮೊದಲು ಅಚ್ಚಾದ ಅದನ್ನು 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಇವತ್ತಿಗೂ ಅದರ ಹೊಸ ಆವೃತ್ತಿಗಳು ಬರುತ್ತಿವೆ. ಅರ್ಥದ ಜೊತೆಗೆ ಉದಾಹರಣೆ ವಾಕ್ಯ, ಮುಂದೆ ‘ಟು’ ಬರುತ್ತದೋ ‘ಆಫ್’ ಬರುತ್ತದೋ ಎಂಬುದು, ಬ್ರಿಟನ್ನಿನ ಬಳಕೆಯೋ ಅಮೆರಿಕದ್ದೋ ಎಂಬುದು ಎಲ್ಲ ಅದರಲ್ಲಿದೆ. ಕನ್ನಡ ಪದದಿಂದ ಇಂಗ್ಲಿಷಿಗೆ ಹೋಗಬೇಕಾದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇದ್ದೇ ಇದೆ. ಅಲ್ಲಿನ ಇಂಗ್ಲಿಷ್ ಹಳೆಯದೆಂಬುದು ಮಾತ್ರ ನೆನಪಿರಲಿ. ಯಾವ ನಿಘಂಟೇ ಆಗಲಿ, ಮೊದಲ ಅರ್ಥ ಕಂಡ ಕೂಡಲೇ ಪುಸ್ತಕ ಮುಚ್ಚುವ ಆತುರ ಬೇಡ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು.

ಅಭ್ಯಾಸ ಹೇಗೆ ಮಾಡಬೇಕೆಂದರೆ, ದಿನಕ್ಕೆ ಒಂದು ಸಲ ಬಾಯಿಗೆ ಬಂದ ‘ನೈಸ್’ ಅನ್ನು ತಡೆದು ಅದರ ಜಾಗದಲ್ಲಿ ಸರಿಯಾದ ಪದ ಇಡಿ. ಹತ್ತು ಪದ ಒಟ್ಟಿಗೆ ಕಲಿಯಲು ಹೋಗಬೇಡಿ, ಎರಡು ದಿನಕ್ಕೆ ಬೇಸರ ಬರುತ್ತದೆ. ಹನಿ ಹನಿ ಕೂಡಿದರೆ ಹಳ್ಳ. ಕಲಿತ ಪದವನ್ನು ಒಂದು ಸ್ವಂತ ವಾಕ್ಯದಲ್ಲಿ ಬರೆದು, ಬಲ್ಲವರಿಗೆ ತೋರಿಸಿ. ವಿದೇಶಕ್ಕೆ ಓದಲು ಹೋಗುವ ಮಕ್ಕಳು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಬರವಣಿಗೆಯನ್ನೂ ಮಾತನ್ನೂ ಅಳೆಯುವ ನಾಲ್ಕು ಅಂಶಗಳಲ್ಲಿ ಪದಸಂಪತ್ತು ಒಂದು. ಅಲ್ಲಿ ದೊಡ್ಡ ದೊಡ್ಡ ಪದ ಸುರಿದರೆ ಅಂಕ ಬರುವುದಿಲ್ಲ, ಜಾಗಕ್ಕೆ ಹೊಂದುವ ಪದ ಇಟ್ಟರೆ ಬರುತ್ತದೆ. ಭಾರವಾದ ಪದಗಳ ಮೋಹಕ್ಕೆ ಬೀಳಬೇಡಿ. ‘ನೈಸ್’ ಸಾಕಾಗುವ ಕಡೆ ‘ನೈಸ್’ ಎಂದೇ ಬರೆಯಿರಿ.

ಕೊನೆಗೆ ಒಂದು ಮಾತು. ಇಂಗ್ಲಿಷಿನ ಪದ ತಿದ್ದಿಕೊಂಡು ಮನೆಯೊಳಗೆ ಬಂದು ಮತ್ತೆ ‘ಸಾರು ನೈಸಾಗಿದೆಯಮ್ಮಾ’ ಎನ್ನಬೇಡಿ. ಸಾರಿಗೆ ಹದವಿದೆ, ಘಮವಿದೆ, ಹುಳಿ-ಖಾರ-ಉಪ್ಪಿನ ಹೊಂದಿಕೆಯಿದೆ. ಹಾಡಿಗೆ ಇಂಪಿದೆ, ಮುಖಕ್ಕೆ ಲಕ್ಷಣವಿದೆ, ಕೆಲಸಕ್ಕೆ ಓರಣವಿದೆ, ಮಾತಿಗೆ ನಯವಿದೆ. ಇಷ್ಟು ಪದಗಳನ್ನು ಮನೆಯಲ್ಲೇ ಇಟ್ಟುಕೊಂಡು ಕೈಬಿಟ್ಟವರಿಗೆ ಇಂಗ್ಲಿಷಿನಲ್ಲೂ ಸರಿಯಾದ ಪದ ಸಿಗುವುದಿಲ್ಲ. ಮೆಚ್ಚುವುದಾದರೆ ಯಾವುದನ್ನು ಮೆಚ್ಚಿದಿರಿ ಎಂದು ಬಾಯಿಬಿಟ್ಟು ಹೇಳಿ. ಇವತ್ತು ಊಟಕ್ಕೆ ಕೂತಾಗ ಮನೆಯವರಿಗೆ ಹೇಳುವುದರಿಂದಲೇ ಶುರು ಮಾಡಿ.